ಗುಳಿಗೆ ಹೆಚ್ಚಿದೆ

ಬೇಸಿಗೆ ರಜೆಯಲ್ಲಿ ಎಂಟು ವಾರ ಕೂತು ಕಂಪನಿ ಕಟ್ಟುವುದನ್ನು ಕಲಿಯಬಹುದು ಅಂತ ತನುಜಾ ಹೇಳಿದಾಗ, ಭದ್ರಾವತಿ ಹಳೇನಗರದ ಆ ಮನೆಯಲ್ಲಿ ಮೂರು ಜನ ಮೂರು ಥರ ಕೇಳಿಸಿಕೊಂಡರು. ಅಮ್ಮ ಸುಮನಾ ನ್ಯೂಟೌನಿನ ಶಾಲೆಯೊಂದರಲ್ಲಿ ಗಣಿತದ ಟೀಚರು. "ಮೊದಲು ಇಂಜಿನಿಯರಿಂಗ್ ಮುಗಿಸು, ಆಮೇಲೆ ಕಂಪನಿ ಕಟ್ಟು" ಅಂದಳು. ಅಜ್ಜ ಶಿವಯೋಗಪ್ಪ ಶಿಬಿರದ ಕರಪತ್ರವನ್ನು ಇಸಿದುಕೊಂಡ. ಅದರ ಮೂಲೆಯನ್ನು ಎರಡು ಬೆರಳ ನಡುವೆ ಉಜ್ಜಿ, ಕಿವಿಯ ಹತ್ತಿರ ಹಿಡಿದು ಒಮ್ಮೆ ಪಟಪಟ ಅನ್ನಿಸಿ, "ನೂರಾ ಮೂವತ್ತು ಜಿಎಸ್‌ಎಂ. ದುಡ್ಡಿರೋರೇ ಮಾಡ್ತಿದ್ದಾರೆ, ಹೋಗು" ಅಂದ. ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯಲ್ಲಿ ಕಾಗದದ ತೂಕ ನೋಡಿದ ಕೈ ಅದು. ಮನೆಗೆ ಮದುವೆಯ ಕರೆಯೋಲೆ ಬಂದರೂ ವಧೂವರರ ಹೆಸರು ಆಮೇಲೆ, ಮೊದಲು ತೂಕ.

ಅಜ್ಜಿ ದಾಕ್ಷಾಯಣಮ್ಮನಿಗೆ ವಿಷಯ ಒಂದಿಷ್ಟೂ ಅರ್ಥವಾಗಲಿಲ್ಲ. ಆದರೆ ಮೊಮ್ಮಗಳ ಪಕ್ಷ ವಹಿಸುವುದಕ್ಕೆ ಅವಳಿಗೆ ಯಾವತ್ತೂ ವಿಷಯ ಅರ್ಥವಾಗಬೇಕಾಗಿರಲಿಲ್ಲ. ಅಪ್ಪನಿಲ್ಲದ ಮಗು ಅಂತ ಮೂರು ವರ್ಷದವಳನ್ನು ಸೊಂಟಕ್ಕೆ ಏರಿಸಿಕೊಂಡವಳು ಇನ್ನೂ ಇಳಿಸಿರಲಿಲ್ಲ. "ಹೋಗ್ಲಿ ಬಿಡೇ ಸುಮನಾ. ಇಲ್ಲೇ ಶಿವಮೊಗ್ಗ ತಾನೆ, ಹದಿನೆಂಟು ಕಿಲೋಮೀಟ್ರು" ಅಂದಳು. ಸುಮನಾ ಸೋತಳು. ಅಜ್ಜಿ ಮೊಮ್ಮಗಳು ಒಂದಾದಾಗ ಅವಳು ಗೆದ್ದದ್ದು ಆ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಹೊರಡುವ ದಿನ ಬೆಳಿಗ್ಗೆ ಅಜ್ಜಿ ಒಲೆಯ ಮುಂದಿನಿಂದ ಕೂಗಿದಳು, "ತನು, ಉಪ್ಪು ಹೆಚ್ಚಿದೆ. ಹೋಗೋ ಮುಂಚೆ ಒಂದು ಪ್ಯಾಕೆಟ್ ತಂದಿಟ್ಟು ಹೋಗು."

ತನುಜಾ ಡಬ್ಬಿಗಳನ್ನೆಲ್ಲ ತಡಕಿ, "ಸಕ್ಕರೆನೂ ಇಲ್ಲ ಅಜ್ಜಿ" ಅಂದಳು.

"ಬೆಳಗಾಗೆದ್ದು ಇಲ್ಲ ಅನ್ನಬೇಡ್ವೇ ಮಾರಾಯ್ತಿ. ಎಷ್ಟು ಸಲ ಹೇಳ್ಬೇಕು ನಿಂಗೆ."

ಆ ಮನೆಯಲ್ಲಿ ಏನೂ ಯಾವತ್ತೂ ಮುಗಿಯುತ್ತಿರಲಿಲ್ಲ. ಅಕ್ಕಿ, ಉಪ್ಪು, ಕುಂಕುಮ ಎಲ್ಲ ಹೆಚ್ಚುತ್ತಿದ್ದವು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಬಳೆ ಒಡೆದರೂ ಹೆಚ್ಚಿತು ಅಂತಲೇ ಮಾತು. ತನುಜಾ ಚಿಕ್ಕಂದಿನಲ್ಲಿ ಪರೀಕ್ಷೆಯಲ್ಲಿ ಫೇಲಾದಾಗ "ಅಜ್ಜಿ, ಮಾರ್ಕ್ಸ್ ಹೆಚ್ಚಿದೆ" ಅಂತ ಹೇಳಿ ತಪ್ಪಿಸಿಕೊಳ್ಳಲು ನೋಡಿದ್ದೂ ಉಂಟು.

ಉಪ್ಪು ಸಕ್ಕರೆ ತಂದಿಟ್ಟು, ಅವಳು ಅಜ್ಜನ ಮಾತ್ರೆ ಎಣಿಸಿದಳು. ಅಜ್ಜನ ಎದೆಯೊಳಗೆ ಆರು ವರ್ಷದಿಂದ ಲೋಹದ ಕವಾಟವೊಂದು ಕೆಲಸ ಮಾಡುತ್ತಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ದಿನಕ್ಕೊಂದು ಪುಟ್ಟ ಮಾತ್ರೆ. "ಬಿಪಿದು, ಗ್ಯಾಸಿಂದು ಒಂದು ದಿನ ತಪ್ಪಿದ್ರೂ ನಡೆಯುತ್ತೆ. ಇದು ಮಾತ್ರ ತಪ್ಪಬಾರದು" ಅಂತ ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದರು. ಉಳಿದ ಮಾತ್ರೆಗಳೆಲ್ಲ ಟಿವಿ ಮೇಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿದ್ದರೆ, ಈ ಒಂದನ್ನು ಅಜ್ಜಿ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ ಇಟ್ಟುಕೊಂಡಿದ್ದಳು. ತನ್ನ ಕುಂಕುಮ ಅದರಿಂದಲೇ ಉಳಿದಿದೆ ಅನ್ನುವುದು ಅವಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ತಿಂಗಳು ತಿಂಗಳು ಮೂರ್ತಪ್ಪನ ಮೆಡಿಕಲ್ ಶಾಪಿನಿಂದ ಅದನ್ನು ತರುವುದು ಪಿಯುಸಿಯಿಂದಲೂ ತನುಜಾಳ ಕೆಲಸ. ಸುಮನಾ ಅದರಲ್ಲಿ ಕೈಹಾಕುತ್ತಿರಲಿಲ್ಲ.

"ಇಪ್ಪತ್ತೆಂಟು ಇದೆ ಅಜ್ಜಿ. ಸರಿಯಾಗಿ ನಾಲ್ಕು ವಾರ. ಅಷ್ಟರೊಳಗೆ ತಂದುಕೊಡ್ತೀನಿ."

"ನೀನಿದ್ದೀಯಲ್ಲ, ನಂಗೇನು ಚಿಂತೆ" ಅಂದಳು ಅಜ್ಜಿ.

ಶಿಬಿರ ನಡೆಯುತ್ತಿದ್ದದ್ದು ಸವಳಂಗ ರಸ್ತೆಯಲ್ಲಿ, ಸೋಫಾ ಮಂಚ ಮಾರುವ ಅಂಗಡಿಯೊಂದರ ಮೇಲ್ಮಹಡಿಯಲ್ಲಿ. ಮೂವತ್ತು ಹುಡುಗ ಹುಡುಗಿಯರು, ಹತ್ತು ತಂಡ. ಗೋಡೆಯ ತುಂಬ ಬಣ್ಣಬಣ್ಣದ ಚೀಟಿ. ಕಲಿಸುವವರು ರೇಣುಕಾಪ್ರಸಾದ್, ತೋಟದ ಪಂಪನ್ನು ಮೊಬೈಲಿನಿಂದ ಆನ್ ಮಾಡುವ ಯಂತ್ರದ ಕಂಪನಿ ಕಟ್ಟಿ, ಅದನ್ನು ಒಳ್ಳೆಯ ಬೆಲೆಗೆ ಮಾರಿ ಬಂದವರು. ಮನುಷ್ಯ ಒಳ್ಳೆಯವರೇ. ಆದರೆ ಊರಿನಲ್ಲಿ ಯಾರಿಗೆ ಯಾವ ಕಷ್ಟ ಇದೆ ಅಂತ ಕೇಳುವಾಗ ಅವರ ಕಣ್ಣು ಮಿನುಗುತ್ತಿತ್ತು. ನಮ್ಮ ಹಿರಿಯರು ಕಷ್ಟ ಕಂಡರೆ ಅಯ್ಯೋ ಅನ್ನುತ್ತಿದ್ದರು. ಅಲ್ಲಿ ಕಷ್ಟ ಕಂಡರೆ ಚಪ್ಪಾಳೆ.

ತನುಜಾ ಎದ್ದು ನಿಂತು ಅಜ್ಜನ ಮಾತ್ರೆಯ ಕಥೆ ಹೇಳಿದಾಗಲೂ ಚಪ್ಪಾಳೆಯೇ ಬಿತ್ತು. ಓದುಬರಹ ಬಾರದ, ಸ್ಮಾರ್ಟ್‌ಫೋನ್ ಇಲ್ಲದ ವಯಸ್ಸಾದವರಿಗೆ ವಾರಕ್ಕೊಮ್ಮೆ ಸಾದಾ ಫೋನಿಗೇ ಕರೆ ಹೋಗಬೇಕು. ಗುಳಿಗೆ ಎಷ್ಟಿದೆ ಅಂತ ಕನ್ನಡದಲ್ಲಿ ಕೇಳಬೇಕು. ಅವರು ಬಾಯಲ್ಲಿ ಹೇಳಿದ್ದನ್ನು ಯಂತ್ರ ಅರ್ಥ ಮಾಡಿಕೊಂಡು, ಮುಗಿದಿದ್ದರೆ ಹತ್ತಿರದ ಮೆಡಿಕಲ್ ಶಾಪಿಗೆ ತಿಳಿಸಬೇಕು. ಹೆಸರು 'ಗುಳಿಗೆ'. "ನಿಮ್ಮ ಅಜ್ಜನೇ ನಿಮ್ಮ ಮೊದಲ ಗ್ರಾಹಕ" ಅಂದರು ರೇಣುಕಾಪ್ರಸಾದ್. ತನುಜಾಳ ಎದೆ ಉಬ್ಬಿತು.

ತಂಡದಲ್ಲಿ ಇನ್ನಿಬ್ಬರು. ಹೊಳೆಹೊನ್ನೂರಿನ ಕಡೆಯ ಬೇಸಾಯಗಾರರ ಮನೆಯ ಶ್ರೇಯಸ್, ಕೋಡ್ ಬರೆಯುವವನು. ಎಂಬಿಎ ಓದುತ್ತಿದ್ದ ಬಿಂದುಶ್ರೀ, ಸ್ಲೈಡ್ ಮಾಡುವವಳು. ಕನ್ನಡದ ಉಸ್ತುವಾರಿ ತನುಜಾಳದು. ಕರೆಯಲ್ಲಿ ಕೇಳುವ ದನಿಯೂ ಅವಳದೇ. ಅಂಗಡಿಯವರ ಹಾಸಿಗೆಗಳ ಉಗ್ರಾಣದಲ್ಲಿ ಸದ್ದು ಬಾರದ ಕಡೆ ಕೂತು ರೆಕಾರ್ಡ್ ಮಾಡಿದರು. "ನಮಸ್ಕಾರ. ಹೇಗಿದ್ದೀರಾ? ಮನೇಲಿ ಗುಳಿಗೆ ಎಷ್ಟಿದೆ?" ಕೊನೆಗೆ, ಯಾರು ಏನೇ ಉತ್ತರ ಕೊಡಲಿ, "ಆಯ್ತು. ನಾನು ನೋಡ್ಕೋತೀನಿ." ಆ ಕೊನೆಯ ಸಾಲು ರೇಣುಕಾಪ್ರಸಾದರ ಸಲಹೆ. ವಯಸ್ಸಾದವರಿಗೆ ಯಾರೋ ತಮ್ಮನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನಿಸಬೇಕು ಅಂತ.

ಉತ್ತರಗಳನ್ನು ಯಂತ್ರಕ್ಕೆ ಕಲಿಸಲು ಒಂದು ಪಟ್ಟಿ ಬೇಕಾಗಿತ್ತು. ಹಸಿರು ಅಂದರೆ ಬೇಕಾದಷ್ಟಿದೆ, ಹದಿನೈದು ದಿನ ತೊಂದರೆ ಕೊಡಬೇಡ. ಹಳದಿ ಅಂದರೆ ಇದೆ, ಮುಂದಿನ ವಾರ ಕೇಳು. ಕೆಂಪು ಅಂದರೆ ಮುಗಿದಿದೆ, ಅಂಗಡಿಗೆ ತಿಳಿಸು. ಮುಗೀತು, ಖಾಲಿ, ಆಗೋಯ್ತು, ಇಲ್ಲ, ಇವೆಲ್ಲ ಕೆಂಪಿಗೆ ಹೋದವು. ಸುಮಾರು ನೂರು ಪದ ಆದಮೇಲೆ ಶ್ರೇಯಸ್ ಕೇಳಿದ, "'ಹೆಚ್ಚಿದೆ' ಎಲ್ಲಿ ಹಾಕ್ಲಿ?"

ತನುಜಾ ಮಂಡಕ್ಕಿಯ ಪೊಟ್ಟಣಕ್ಕೆ ಕೈಹಾಕಿ ಈರುಳ್ಳಿ ಆರಿಸುತ್ತಿದ್ದಳು. "ಹೆಚ್ಚಿದೆ ಅಂದ್ರೆ ಜಾಸ್ತಿ ಇದೆ. ಹಸಿರಿಗೆ ಹಾಕು ಮಾರಾಯ" ಅಂದಳು.

ಶ್ರೇಯಸ್ ಹಾಕಿದ. ಅವನ ಮನೆಯಲ್ಲೂ ಅಕ್ಕಿ ಹೆಚ್ಚುತ್ತಿತ್ತು, ಅವನ ಅವ್ವನೂ ದೀಪ ದೊಡ್ಡದು ಮಾಡುತ್ತಿದ್ದಳು. ಇಬ್ಬರಿಗೂ ಆ ಕ್ಷಣ ಅದು ನೆನಪಾಗಲಿಲ್ಲ. ಮನೆಯ ಮಾತು ಮನೆಯಲ್ಲಿ, ಕಂಪ್ಯೂಟರಿನ ಮುಂದೆ ಕೂತಾಗ ಬೇರೆ ಕನ್ನಡ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಎರಡನೇ ವಾರದ ಶನಿವಾರ ಮೂವರೂ ಹಳೇನಗರಕ್ಕೆ ಬಂದು, ಮೂರ್ತಪ್ಪನ ಅಂಗಡಿಯಲ್ಲಿ ಕೂತು ನಲವತ್ತೊಂದು ಮಂದಿ ಹಿರಿಯರ ಫೋನ್ ನಂಬರು ಬರೆದುಕೊಂಡರು. ಮಧ್ಯಾಹ್ನ ಅಜ್ಜಿ ಮೂವರಿಗೂ ಊಟ ಬಡಿಸಿದಳು. ತನುಜಾ ಅಜ್ಜಿಯ ಪುಟ್ಟ ಫೋನನ್ನು ತೋರಿಸಿ, "ಅಜ್ಜಿ, ಸೋಮವಾರ ಹತ್ತು ಗಂಟೆಗೆ ಇದಕ್ಕೆ ನನ್ನ ದನಿಯಲ್ಲಿ ಕರೆ ಬರುತ್ತೆ. ಕೇಳಿದ್ದಕ್ಕೆ ಉತ್ತರ ಹೇಳು ಸಾಕು" ಅಂದಳು.

"ನೀನು ಫೋನ್ ಮಾಡಿದ್ರೆ ನಾನು ಉತ್ತರ ಹೇಳದೆ ಇರ್ತೀನೇನೇ. ಇನ್ನೊಂಚೂರು ಹೋಳಿಗೆ ಹಾಕಿಸ್ಕೋ."

ನನ್ನ ದನಿಯಲ್ಲಿ ಅನ್ನುವುದಕ್ಕೂ ನಾನು ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಆಗ ಬಿಡಿಸಿ ಹೇಳಬೇಕಾಗಿತ್ತು. ಬಸ್ಸಿಗೆ ಹೊತ್ತಾಗಿತ್ತು. ಎರಡನೇ ಹೋಳಿಗೆ ತಿಂದು ಎದ್ದರು.

ಅಲ್ಲಿಯವರೆಗೆ ದಿನಾ ಸಂಜೆ ವಿನೋಬನಗರದ ಪಿಜಿಯಿಂದ ಅಜ್ಜಿಗೆ ಫೋನ್ ಮಾಡುತ್ತಿದ್ದವಳು ಆಮೇಲೆ ನಿಲ್ಲಿಸಿದಳು. ಬೇಕೆಂದು ನಿಲ್ಲಿಸಿದ್ದಲ್ಲ. ಸೋಮವಾರ ಹೇಗೂ ಕರೆ ಹೋಗುತ್ತದೆ, ಪರದೆಯ ಮೇಲೆ ಅಜ್ಜಿಯ ಹೆಸರಿನ ಮುಂದೆ ಬಣ್ಣ ಕಾಣುತ್ತದೆ, ಚೆನ್ನಾಗಿದ್ದಾರೆ ಅಂತ ಗೊತ್ತಾಗುತ್ತದೆ. ಅಮ್ಮನಿಗೆ ವಾಟ್ಸಪ್ಪಿನಲ್ಲಿ ಎರಡು ಸಾಲು. ಮೂರನೇ ವಾರ ಹಳದಿ, ನಾಲ್ಕನೇ ವಾರ ಹಳದಿ. ಐದನೇ ವಾರ ಹಸಿರು. ಇಪ್ಪತ್ತೆಂಟು ಅಂತ ತಾನೇ ಎಣಿಸಿಟ್ಟದ್ದು ಅವಳಿಗೆ ಒಮ್ಮೆ ನೆನಪಾಯಿತು. ಬೇಕಾದಷ್ಟಿದೆ ಅಂತ ತೋರಿಸುತ್ತಿದೆಯಲ್ಲ, ಅಮ್ಮ ತಂದಿರಬೇಕು ಅಂದುಕೊಂಡಳು. ತನ್ನ ಎಣಿಕೆಗಿಂತ ತಾನು ಮಾಡಿದ ಯಂತ್ರವನ್ನೇ ನಂಬಿದಳು.

ಇನ್ನೊಂದು ವಿಷಯ ತಂಡಕ್ಕೆ ಭಾರಿ ಖುಷಿ ಕೊಟ್ಟಿತ್ತು. ಬೇರೆಯವರೆಲ್ಲ ಅರ್ಧ ನಿಮಿಷದಲ್ಲಿ ಫೋನ್ ಇಟ್ಟರೆ ದಾಕ್ಷಾಯಣಮ್ಮ ನಾಲ್ಕು ನಿಮಿಷ ಮಾತಾಡುತ್ತಿದ್ದಳು. ಯಂತ್ರ ಮೊದಲು ಸಿಕ್ಕ ಉತ್ತರವನ್ನು ಹಿಡಿದುಕೊಂಡು ಉಳಿದದ್ದನ್ನು ಸುಮ್ಮನೆ ತುಂಬಿಟ್ಟುಕೊಳ್ಳುತ್ತಿತ್ತು. ಮಾತು ನಿಂತು ಐದು ಸೆಕೆಂಡ್ ಆದಮೇಲೆ ಕೊನೆಯ ಸಾಲು ಹೇಳುತ್ತಿತ್ತು. "ನೋಡಿ, ಗ್ರಾಹಕರು ನಿಮ್ಮ ಉತ್ಪನ್ನವನ್ನು ಪ್ರೀತಿಸ್ತಿದ್ದಾರೆ" ಅಂದರು ರೇಣುಕಾಪ್ರಸಾದ್. ಬಿಂದುಶ್ರೀ ಆ ನಾಲ್ಕು ನಿಮಿಷವನ್ನು ಒಂದು ಇಡೀ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದಳು. ಆ ನಾಲ್ಕು ನಿಮಿಷದಲ್ಲಿ ಅಜ್ಜಿ ಏನು ಹೇಳುತ್ತಿದ್ದಾಳೆ ಅಂತ ಕೇಳಲು ಯಾರಿಗೂ ಹೊತ್ತಿರಲಿಲ್ಲ. ಎಂಟನೇ ವಾರದ ಶನಿವಾರ ಕೊನೆಯ ಪ್ರದರ್ಶನ. ಊರಿನ ದೊಡ್ಡ ಮನುಷ್ಯರು, ಹಣ ಹಾಕುವವರು ಬರುವವರಿದ್ದರು.

ಏಳನೇ ವಾರದ ಬುಧವಾರ, ಅದೇ ಸ್ಲೈಡಿನ ಮುಂದೆ ನಿಂತು ತನುಜಾ ಮಾತಾಡಿ ಅಭ್ಯಾಸ ಮಾಡುತ್ತಿದ್ದಾಗ ಅಮ್ಮನ ಫೋನ್ ಬಂತು. ಬೆಳಿಗ್ಗೆ ಪೇಪರ್ ಓದುತ್ತಾ ಕೂತಿದ್ದ ಅಜ್ಜ ಬಲಕ್ಕೆ ವಾಲಿದ್ದ. ಬಾಯಿ ಸೊಟ್ಟಗಾಗಿತ್ತು. ಶಿವಮೊಗ್ಗದ ಆಸ್ಪತ್ರೆಗೆ ಕರೆತಂದಿದ್ದಾರೆ. ಸವಳಂಗ ರಸ್ತೆಯಿಂದ ಆಟೋದಲ್ಲಿ ಹತ್ತು ನಿಮಿಷ.

ತುರ್ತು ವಿಭಾಗದ ಹೊರಗೆ ಅಜ್ಜಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಕಾಲಿಗೆ ಚಪ್ಪಲಿ ಇರಲಿಲ್ಲ. ಎಳೆಯ ವಯಸ್ಸಿನ ಡಾಕ್ಟರೊಬ್ಬರು ಕಾಗದ ಹಿಡಿದು ಬಂದರು. "ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿದೆ. ವಾಲ್ವ್ ಇರೋರಿಗೆ ಮಾತ್ರೆ ಸರಿಯಾಗಿ ತಗೊಂಡ್ರೆ ಹೀಗಾಗೋದು ಕಡಿಮೆ. ಆ ಮಾತ್ರೆ ಕೊಡ್ತಿದ್ರಾ?"

"ಕೊಡ್ತಿದ್ದೆ ಸ್ವಾಮಿ. ಒಂದು ದಿನ ತಪ್ಪಿಸಿಲ್ಲ. ಈಗ ಹದಿನೈದು ಹದಿನಾರು ದಿನದಿಂದ ಹೆಚ್ಚಿತ್ತು."

"ಹೆಚ್ಚು ಕೊಟ್ರಾ? ದಿನಕ್ಕೆ ಎಷ್ಟು?"

"ಹಂಗಲ್ಲ ಸರ್" ಅಂದಳು ಸುಮನಾ. "ಖಾಲಿ ಆಗಿತ್ತು ಅಂತ ಅವರು ಹೇಳ್ತಿರೋದು. ನಮ್ಮ ಕಡೆ ಹಾಗಂತಾರೆ."

ಐದನೇ ವಾರದ ಹಸಿರು ತನುಜಾಳ ಕಣ್ಣಿಗೆ ಕಟ್ಟಿತು. ಮಂಡಕ್ಕಿಯ ಪೊಟ್ಟಣ, ಶ್ರೇಯಸ್ಸಿನ ಪ್ರಶ್ನೆ, ತಾನು ತಲೆ ಕೂಡ ಎತ್ತದೆ ಕೊಟ್ಟ ಉತ್ತರ.

"ನಂಗ್ಯಾಕೆ ಹೇಳ್ಲಿಲ್ಲ ಅಮ್ಮ? ದಿನಾ ಅಂಗಡಿ ಮುಂದೇನೇ ಬರ್ತೀನಿ ನಾನು" ಅಂತ ಸುಮನಾ ಕೇಳಿದಳು. ಅಜ್ಜಿ ತನುಜಾಳನ್ನು ನೋಡಿ, ಬೇಗ ಬೇರೆ ಕಡೆ ತಿರುಗಿದಳು. ಮೊಮ್ಮಗಳನ್ನು ಹಿಡಿದುಕೊಡಬಾರದು ಅನ್ನುವ ಹಾಗಿತ್ತು ಆ ನೋಟ.

ಆ ಸಂಜೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತನುಜಾ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾಲ್ಕು ರೆಕಾರ್ಡಿಂಗನ್ನೂ ಕೇಳಿದಳು.

ಮೂರನೇ ವಾರ: "ಇದೆ ಕಣೇ. ಏನೇ ಇದು, ಹೇಗಿದ್ದೀರಾ ಅಂತ ಬಹುವಚನ ಹಚ್ತೀಯ? ಪಕ್ಕದಲ್ಲಿ ನಿಮ್ಮ ಸಾರು ಇದ್ದಾರಾ? ಆಯ್ತು ಆಯ್ತು, ನಿಂಗೆ ಮಾತಾಡೋಕಾಗಲ್ಲ ಅಂತ ಕಾಣುತ್ತೆ. ನಾನೇ ಮಾತಾಡ್ತೀನಿ, ನೀನು ಕೇಳಿಸ್ಕೋ." ಆಮೇಲೆ ಉಪ್ಪಿನಕಾಯಿಗೆ ತಂದ ಮಿಡಿ ಚೆನ್ನಾಗಿಲ್ಲದ್ದು, ಪಕ್ಕದ ಮನೆಗೆ ಹೊಸ ಬಾಡಿಗೆಯವರು ಬಂದದ್ದು.

ನಾಲ್ಕನೇ ವಾರ: "ಇದೆ, ಇನ್ನು ಏಳಿದೆ. ನಿಮ್ಮಜ್ಜ ನಿನ್ನ ಕರಪತ್ರಾನ ಎಲ್ಲರಿಗೂ ತೋರಿಸ್ತಿದ್ದಾರೆ. ಮಡಚಬೇಡಿ, ಒಳ್ಳೇ ಕಾಗದ ಅಂತ ಬೈತಾರೆ."

ಐದನೇ ವಾರ: "ಗುಳಿಗೆ ಹೆಚ್ಚಿದೆ ಕಣವ್ವ. ನಿನ್ನೆಗೆ. ಬರ್ತಾ ತಗೊಂಡು ಬಾ. ನಿಮ್ಮಮ್ಮಂಗೆ ನಾನು ಹೇಳಲ್ಲ. ಹೇಳಿದ್ರೆ, ನೋಡಿದ್ಯಾ, ಕಂಪನಿ ಅಂತ ಹೋಗಿ ಅಜ್ಜನ್ನ ಮರೆತ್ಳು ಅಂತ ನಿನ್ನ ಮೇಲೆ ಹಾರಾಡ್ತಾಳೆ. ನಿಧಾನಕ್ಕೆ ಬಾ, ಅವಸರ ಮಾಡ್ಕೊಂಡು ಬಸ್ಸಲ್ಲಿ ನೇತಾಡಬೇಡ." ಆಮೇಲೆ ತನುಜಾಳದೇ ದನಿ, ಸಕ್ಕರೆ ಹಾಕಿದ ಹಾಗೆ: "ಆಯ್ತು. ನಾನು ನೋಡ್ಕೋತೀನಿ."

ಆರನೇ ವಾರ ಕರೆಯೇ ಹೋಗಿರಲಿಲ್ಲ. ಹಸಿರು ಬಂದವರಿಗೆ ಹದಿನೈದು ದಿನ ತೊಂದರೆ ಕೊಡಬಾರದು ಅನ್ನುವುದು ಅವರೇ ಮಾಡಿದ ನಿಯಮ.

ಏಳನೇ ವಾರ, ಮೊನ್ನೆ ಸೋಮವಾರ: "ಹೆಚ್ಚಿದೆ ಅಂದಿದ್ದೆನಲ್ಲವ್ವ. ಹದಿನೈದು ದಿನ ಆಯ್ತು. ಹೋದ ಸೋಮವಾರ ಫೋನ್ ಇಟ್ಕೊಂಡು ಕಾಯ್ತಾ ಕೂತಿದ್ದೆ, ನೀನು ಮಾಡ್ಲೇ ಇಲ್ಲ. ಕೆಲಸ ಜಾಸ್ತಿ ಅಂತ ಕಾಣುತ್ತೆ. ನಿಮ್ಮಜ್ಜ ಚೆನ್ನಾಗೇ ಇದ್ದಾರೆ, ಗಾಬರಿ ಆಗ್ಬೇಡ. ಆದ್ರೂ ನಂಗ್ಯಾಕೋ ಜೀವ ತಡೀತಿಲ್ಲ. ನಿಂಗೆ ಆಗದಿದ್ರೆ ಆಗಲ್ಲ ಅಜ್ಜಿ ಅಂತ ಹೇಳಿಬಿಡು, ಮೂರ್ತಪ್ಪನ ಅಂಗಡಿಗೆ ನಾನೇ ಯಾರ ಕೈಲಾದ್ರೂ ಹೇಳಿ ಕಳಿಸ್ತೀನಿ. ಏನ್ ಮಾಡ್ಲಿ, ಹೇಳು."

ಆಮೇಲೆ ಅಜ್ಜಿ ಉತ್ತರಕ್ಕೆ ಕಾದಿದ್ದಳು. ಅವಳ ಉಸಿರು ಕೇಳಿಸುತ್ತಿತ್ತು. ಹಿಂದೆ ಎಲ್ಲೋ ಅಜ್ಜ ಕೆಮ್ಮಿದ. ಸರಿಯಾಗಿ ಐದು ಸೆಕೆಂಡ್.

"ಆಯ್ತು. ನಾನು ನೋಡ್ಕೋತೀನಿ."

"ಹಾಂ, ಅಷ್ಟು ಸಾಕು ಬಿಡು" ಅಂದಿದ್ದಳು ಅಜ್ಜಿ, ದನಿಯಲ್ಲಿ ಹೊರೆ ಇಳಿದ ಸಮಾಧಾನ.

ತನುಜಾ ತನ್ನ ದನಿಯನ್ನು ಅಷ್ಟು ದ್ವೇಷಿಸಿದ್ದು ಅದೇ ಮೊದಲು. ಮೆಟ್ಟಿಲ ಮೇಲೆ ಹೋಗುವವರು ಬರುವವರು ಇದ್ದರು. ಅವಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು.

ಅಜ್ಜ ಮೂರು ದಿನ ಇದ್ದ. ಮಾತು ಬರಲಿಲ್ಲ, ಬಲಗೈ ಏಳಲಿಲ್ಲ. ಶುಕ್ರವಾರ ತನುಜಾ ಅವನ ಎಡಗೈಗೆ ಆಸ್ಪತ್ರೆಯ ಚೀಟಿಯೊಂದನ್ನು ಕೊಟ್ಟಳು. ಬೆರಳು ತಾನಾಗೇ ಅದರ ಮೂಲೆ ಹುಡುಕಿತು, ಉಜ್ಜಿತು. ಅವಳು ಬಗ್ಗಿ, "ಎಷ್ಟು ಅಜ್ಜ?" ಅಂತ ಕೇಳಿದಳು. ತುಟಿ ಅಲುಗಿತು. ಅದು ಯಾವ ಅಂಕಿ ಅಂತ ಅವಳಿಗೆ ತಿಳಿಯಲಿಲ್ಲ. ಶನಿವಾರ ಬೆಳಿಗ್ಗೆ ಅಜ್ಜ ಹೋದ.

ಭದ್ರಾವತಿಯಲ್ಲಿ, ಅವನ ಅಪ್ಪ ಅಮ್ಮನನ್ನು ಮಣ್ಣು ಮಾಡಿದ ಜಾಗದ ಪಕ್ಕದಲ್ಲೇ ಅವನನ್ನೂ ಕೂರಿಸಿ, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಮುಚ್ಚಿದರು. ಹೆಂಗಸರು ಅಜ್ಜಿಯ ಕೈಯ ಹಸಿರು ಬಳೆ ತೆಗೆದರು. ಬಳೆ ಹೆಚ್ಚಿದವು ಅಂತಲೇ ಅಂದರು. ತನುಜಾ ಆ ಪದ ಕೇಳಿದ ಕೂಡಲೇ ಎದ್ದು ಹಿತ್ತಲಿಗೆ ಹೋದಳು.

ಅಲ್ಲಿಗೆ ಅಜ್ಜಿಯೂ ಬಂದಳು. ತನುಜಾ ಅವಳ ಕೈ ಹಿಡಿದು, "ಅಜ್ಜಿ, ನಿಂಗೊಂದು ಹೇಳ್ಬೇಕು. ಆ ಫೋನು" ಅಂತ ಶುರು ಮಾಡಿದಳು.

ಅಜ್ಜಿ ಅವಳ ಬಾಯಿ ಮುಚ್ಚಿದಳು. "ಸುಮ್ನಿರು. ಮರೆತೆ ಅಷ್ಟೇ. ಓದೋ ಮಕ್ಕಳ ತಲೇಲಿ ನೂರೆಂಟು ಇರುತ್ತೆ. ನಾನೇ ಇನ್ನೊಂದು ಸಲ ಗಟ್ಟಿಯಾಗಿ ಹೇಳ್ಬೇಕಿತ್ತು. ನಿಮ್ಮಮ್ಮಂಗೂ ನಾನು ಹೇಳಿಲ್ಲ, ಯಾರಿಗೂ ಹೇಳಲ್ಲ. ಎಷ್ಟೇ ಕೆಲಸ ಇದ್ರೂ ಸೋಮವಾರ ಫೋನ್ ಮಾಡ್ತಿದ್ದೆಯಲ್ಲ, ಅದೇ ನಂಗೆ ದೊಡ್ಡದು."

ತನುಜಾ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಮರೆತವಳನ್ನು ಅಜ್ಜಿ ಕ್ಷಮಿಸಿಯಾಗಿತ್ತು. ಆ ದನಿಯ ಹಿಂದೆ ಯಾರೂ ಇರಲೇ ಇಲ್ಲ ಅಂತ ಹೇಗೆ ಹೇಳುವುದು? ಗಂಡನನ್ನು ಕಳೆದುಕೊಂಡವಳ ಹತ್ತಿರ ಉಳಿದದ್ದು ಆ ನಾಲ್ಕು ಸೋಮವಾರ. ಅದನ್ನೂ ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ. ಮನಸ್ಸು ಬರಲಿಲ್ಲ ಅನ್ನುವುದು ಅರ್ಧ ನಿಜ. ಉಳಿದ ಅರ್ಧ, ಧೈರ್ಯ ಬರಲಿಲ್ಲ.

ಶ್ರೇಯಸ್ ಮಣ್ಣಿಗೆ ಬಂದಿದ್ದ. ಅವನೂ ರೆಕಾರ್ಡಿಂಗ್ ಕೇಳಿದ್ದ. ಹೋಗುವಾಗ ಇಷ್ಟೇ ಹೇಳಿದ: "ಪಟ್ಟಿ ಸರಿ ಮಾಡಿದೆ ತನು. ಪದಾನ ಕೆಂಪಿಗೆ ಹಾಕಿದೆ." ಪ್ರದರ್ಶನಕ್ಕೆ ತಂಡ ಹೋಗಲಿಲ್ಲ. ರೇಣುಕಾಪ್ರಸಾದ್ ಫೋನ್ ಮಾಡಿ, ಆ ನಾಲ್ಕು ನಿಮಿಷದ ಸ್ಲೈಡ್ ಹಾಕಿಸಿದ್ದು ತಾನು ಅಂತ ಹೇಳಿ ಇಟ್ಟರು. ಉಳಿದ ನಲವತ್ತು ಜನ ಹಿರಿಯರು ಆ ಕರೆಗೆ ಒಗ್ಗಿಹೋಗಿದ್ದಾರೆ, ಒಮ್ಮೆಲೇ ನಿಲ್ಲಿಸಬೇಡಿ ಅಂತ ಮೂರ್ತಪ್ಪ ಕೇಳಿಕೊಂ­ಡದ್ದರಿಂದ ಯಂತ್ರವನ್ನು ನಡೆಯಲು ಬಿಟ್ಟಿದ್ದರು. ನಲವತ್ತೊಂದನೇ ನಂಬರನ್ನು, ಅಜ್ಜಿಯದನ್ನು, ತೆಗೆಯಬೇಕು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಒಂಬತ್ತನೇ ದಿನ, ಭಾನುವಾರ, ಶಿವಗಣಾರಾಧನೆ ಆಯಿತು. ಮರುದಿನ ಬೆಳಿಗ್ಗೆ ನೆಂಟರೆಲ್ಲ ಹೊರಟುಹೋಗಿದ್ದರು. ಸುಮನಾ ಬಾಡಿಗೆ ಪಾತ್ರೆ ಹಿಂದಿರುಗಿಸಲು ಹೋಗಿದ್ದಳು. ನಡುಮನೆಯಲ್ಲಿ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು, ಎದುರಿಗೆ ತನುಜಾ ಊಟದ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ಹತ್ತು ಗಂಟೆಗೆ ಅಜ್ಜಿಯ ಮಡಿಲಲ್ಲಿದ್ದ ಫೋನ್ ಬಡಿದುಕೊಂಡಿತು. ಏಳನೇ ವಾರದ ಹಸಿರಿನ ಹದಿನೈದು ದಿನ ಮುಗಿದಿತ್ತು.

ಅಜ್ಜಿ ಎತ್ತಿದಳು. ಆ ಫೋನಿನ ಸದ್ದು ದೊಡ್ಡದು, ಆಚೆಯ ಮಾತು ಕೋಣೆಗೆಲ್ಲ ಕೇಳಿಸುತ್ತದೆ.

"ನಮಸ್ಕಾರ. ಹೇಗಿದ್ದೀರಾ? ಮನೇಲಿ ಗುಳಿಗೆ ಎಷ್ಟಿದೆ?"

ಅಜ್ಜಿ ಫೋನಿನತ್ತ ನೋಡಿದಳು. ಎದುರಿಗೆ ತಟ್ಟೆ ಹಿಡಿದು, ಬಾಯಿ ಮುಚ್ಚಿಕೊಂಡು ಕೂತಿದ್ದ ತನುಜಾಳನ್ನು ನೋಡಿದಳು. ಮತ್ತೆ ಫೋನಿನತ್ತ ನೋಡಿದಳು. ತನುಜಾ ಎದ್ದು ಅದನ್ನು ಕಿತ್ತುಕೊಳ್ಳಬಹುದಾಗಿತ್ತು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

ಯಂತ್ರ ಉತ್ತರಕ್ಕೆ ಕಾಯುತ್ತಿತ್ತು. ಅಜ್ಜಿ ಐವತ್ತೆರಡು ವರ್ಷದ ಸಂಸಾರದಲ್ಲಿ ಬೆಳಗಿನ ಹೊತ್ತು ಒಮ್ಮೆಯೂ ಆಡದ ಮಾತನ್ನು ಆಡಿದಳು.

"ಮುಗೀತು."

"ಆಯ್ತು" ಅಂದಿತು ತನುಜಾಳ ದನಿ. "ನಾನು ನೋಡ್ಕೋತೀನಿ."

ನೆಲದ ಮೇಲಿದ್ದ ತನುಜಾಳ ಮೊಬೈಲು ಒಮ್ಮೆ ಮಿಡಿಯಿತು. ಪರದೆಯ ಮೇಲೆ ದಾಕ್ಷಾಯಣಮ್ಮ ಅನ್ನುವ ಹೆಸರಿನ ಮುಂದೆ ಕೆಂಪು ಬಂದಿತ್ತು. ಈ ಸಲ ಯಂತ್ರಕ್ಕೆ ಸರಿಯಾಗಿ ಅರ್ಥವಾಗಿತ್ತು.

ಅಜ್ಜಿ ಫೋನನ್ನು ಪಕ್ಕಕ್ಕಿಟ್ಟಳು. ಬಳೆಯಿಲ್ಲದ ಕೈಯಿಂದ ಸೆರಗು ಸರಿಮಾಡಿಕೊಂಡಳು.

"ಅಷ್ಟು ದಿನಾನೂ ಇದೇನಾ ಮಾತಾಡ್ತಿದ್ದಿದ್ದು?"

ತನುಜಾ ಹೌದು ಅಂತ ತಲೆ ಆಡಿಸಿದಳು.

"ಹಂಗಾದ್ರೆ ನೀನು ಒಂದು ಸಲಾನೂ ಫೋನ್ ಮಾಡ್ಲಿಲ್ವಾ, ತನು?"

"ಇಲ್ಲ" ಅಂದಳು ತನುಜಾ.

ಹಾಗನ್ನಬಾರದು ಅಂತ ಅಜ್ಜಿ ಈ ಸಲ ತಿದ್ದಲಿಲ್ಲ.